ಉತ್ತರ ಹೇಳಿದರೆ ಅಂಕ: ಪ್ರಶ್ನೋತ್ತರ ತಾಣಗಳ ಲೆಕ್ಕಾಚಾರ ಹೇಗೆ?

ಆನ್‌ಲೈನ್ ಪ್ರಶ್ನೋತ್ತರ ತಾಣಗಳಲ್ಲಿ ಉತ್ತರ ಕೊಟ್ಟವರಿಗೆ ಸಾಮಾನ್ಯವಾಗಿ ಸಿಗುವುದು ಹಣವಲ್ಲ, ಅಂಕ. 2008ರಲ್ಲಿ ಆರಂಭವಾದ ಸ್ಟಾಕ್ ಓವರ್‌ಫ್ಲೋದಲ್ಲಿ ಉತ್ತರಕ್ಕೆ ಒಂದು ಮೆಚ್ಚುಗೆ ಮತ ಬಿದ್ದರೆ 10 ಅಂಕ. ಪ್ರಶ್ನೆ ಕೇಳಿದವರೇ ಒಪ್ಪಿಕೊಂಡರೆ 15. ವಿರುದ್ಧ ಮತ ಬಿದ್ದರೆ 2 ಅಂಕ ಕಡಿತ. ಉತ್ತರ ಸಿಗದ ಪ್ರಶ್ನೆಗೆ ತಮ್ಮದೇ ಅಂಕದಿಂದ 50ರಿಂದ 500ರವರೆಗೆ ಬಹುಮಾನ ಘೋಷಿಸಬಹುದು. 2,000 ಅಂಕ ದಾಟಿದವರು ಇತರರ ಬರಹವನ್ನು ನೇರವಾಗಿ ತಿದ್ದಬಹುದು.

ಅಂಕದ ಆಸೆಗೆ ಅವಸರದ ಉತ್ತರಗಳೂ ಬರುತ್ತವೆ. ಚಾಟ್‌ಜಿಪಿಟಿಯಿಂದ ಬರೆಸಿದ ತಪ್ಪು ಉತ್ತರಗಳು ಹೆಚ್ಚಿದಾಗ, 2022ರ ಡಿಸೆಂಬರ್‌ನಲ್ಲಿ ತಾಣ ಅವುಗಳನ್ನು ನಿಷೇಧಿಸಿತು.

ಮುಂಬೈನ ಪೊವೈಯಲ್ಲಿರುವ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ವೇದಿಕೆಯಲ್ಲಿ ಒತ್ತು ಪ್ರಶ್ನೆಯ ಮೇಲೆ. ಪಾಠದ ಯಾವ ನಿಮಿಷ, ಯಾವ ಸೆಕೆಂಡಿನಲ್ಲಿ ಅನುಮಾನ ಬಂತು ಎಂದು ನಮೂದಿಸಿ ಕೇಳುವ ವ್ಯವಸ್ಥೆ ಅಲ್ಲಿದೆ. ಪಾಠಗಳು ಕನ್ನಡದಲ್ಲೂ ಉಚಿತವಾಗಿ ಲಭ್ಯ. ಪ್ರಶ್ನೆ ನಿಖರವಾಗಿದ್ದರೆ ಸರಿಯುತ್ತರ ಸಿಗುವುದೂ ಸುಲಭ.