ಮುಧೋಳ ನಾಯಿ: ಬೇಟೆಯಿಂದ ಕಾವಲಿಗೆ

ಕಾವಲು ನಾಯಿ ಅಂದ್ರೆ ಎಲ್ಲರೂ ಜರ್ಮನ್ ಶೆಫರ್ಡ್ ಅಂತಾರೆ. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ನೆನಪಾಗೋದೇ ಇಲ್ಲ. ಉದ್ದ ಮೂತಿ, ಸಣ್ಣ ನಡು, ಎತ್ತರದ ಕಾಲು. ವಾಸನೆಗಿಂತ ಕಣ್ಣನ್ನೇ ನಂಬಿ ಬೇಟೆಯಾಡುವ ತಳಿ ಇದು.

ಸ್ಥಳೀಯ ಬೇಟೆಗಾರರ ಬಳಿಯಿದ್ದ ಈ ನಾಯಿಗಳನ್ನು ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಗಮನಿಸಿ, ಆಯ್ದು ಬೆಳೆಸಿದರು. ಒಂದು ಜೋಡಿಯನ್ನು ಬ್ರಿಟನ್ನಿನ ದೊರೆ ಐದನೇ ಜಾರ್ಜ್‌ಗೆ ಕೊಟ್ಟರು. ರಾಜರ ಹೆಸರು ಉಳಿಯಿತು. ಅದಕ್ಕೂ ಮುಂಚೆ ಸಾಕಿಕೊಂಡು ಬಂದವರ ಹೆಸರು ಉಳಿಯಲಿಲ್ಲ.

2005ರಲ್ಲಿ ಅಂಚೆಚೀಟಿ ಬಂತು. 2016ರಲ್ಲಿ ಮರಿಗಳು ಮೀರತ್‌ನ ಸೇನಾ ತರಬೇತಿಗೆ ಹೋದವು.

ಅಪರಿಚಿತರು ಮುಟ್ಟಿದರೆ ಇದಕ್ಕೆ ಸೇರಲ್ಲ. ಅದಕ್ಕೇ ಹೊಲ, ತೋಟ ಕಾಯೋಕೆ ಒಗ್ಗುತ್ತೆ. ಆದರೆ ಓಡೋಕೆ ಬಯಲು ಬೇಕು. ಕೋಲ್ಕತ್ತಾದ ಪಾರ್ಕ್ ಸ್ಟ್ರೀಟ್‌ನಲ್ಲೋ ಬೆಂಗಳೂರಿನಲ್ಲೋ ಫ್ಲ್ಯಾಟೊಳಗೆ ಕಟ್ಟಿಹಾಕಿದರೆ ತಳಿ ಉಳಿಸಿದಂತಲ್ಲ. ಜಾಗ ಇದ್ದರಷ್ಟೇ ತನ್ನಿ.