ಮೈರಾವಣನ ಕಥೆ

ಮೈರಾವಣನ ಕಥೆಯು ರಾಮಾಯಣದ ಯುದ್ಧಕಾಂಡಕ್ಕೆ ಸೇರಿಕೊಂಡಿರುವ ಒಂದು ಉಪಾಖ್ಯಾನ. ಪಾತಾಳದ ಒಡೆಯನಾದ ಮೈರಾವಣನು ನಿದ್ರಿಸುತ್ತಿದ್ದ ರಾಮಲಕ್ಷ್ಮಣರನ್ನು ಕದ್ದೊಯ್ಯುವುದು, ಹನುಮಂತನು ಪಾತಾಳಕ್ಕಿಳಿದು ಅವರನ್ನು ಬಿಡಿಸಿ ತರುವುದು ಇದರ ವಸ್ತು. ವಾಲ್ಮೀಕಿ ರಾಮಾಯಣದಲ್ಲಿ ಈ ಪ್ರಸಂಗವಿಲ್ಲ. ಸಂಸ್ಕೃತದ ಆನಂದ ರಾಮಾಯಣ, ಬಂಗಾಳಿಯ ಕೃತ್ತಿವಾಸ ರಾಮಾಯಣಗಳಲ್ಲಿ ಇದು ದೊರೆಯುತ್ತದೆ. ಕನ್ನಡದಲ್ಲಿ ಇದನ್ನು ಜನರ ನಡುವೆ ಉಳಿಸಿದ್ದು ಮುಖ್ಯವಾಗಿ ಯಕ್ಷಗಾನ, ಬಯಲಾಟ ಮತ್ತು ತೊಗಲುಗೊಂಬೆಯಾಟ. ಪಾಠಭೇದಕ್ಕೆ ತಕ್ಕಂತೆ ಮಹಿರಾವಣ, ಅಹಿರಾವಣ ಎಂಬ ಹೆಸರುಗಳೂ ಇವೆ. ಕೆಲವೆಡೆ ಐರಾವಣ ಮತ್ತು ಮೈರಾವಣರು ಇಬ್ಬರು ಬೇರೆ ಬೇರೆ ರಾಕ್ಷಸರು.

ಪಾತಾಳದ ಕಲ್ಪನೆ

ಪಾತಾಳವನ್ನು ನರಕವೆಂದು ತಿಳಿಯುವುದು ಸಾಮಾನ್ಯವಾದ ತಪ್ಪು. ಪುರಾಣಗಳ ಪ್ರಕಾರ ಭೂಮಿಯ ಕೆಳಗೆ ಅತಲ, ವಿತಲ, ಸುತಲ, ತಲಾತಲ, ಮಹಾತಲ, ರಸಾತಲ, ಪಾತಾಳ ಎಂಬ ಏಳು ಲೋಕಗಳಿವೆ. ಅಲ್ಲಿ ದೈತ್ಯ, ದಾನವ, ನಾಗರು ವೈಭವದಿಂದ ಬಾಳುತ್ತಾರೆ. ಪಾತಾಳವು ಸ್ವರ್ಗಕ್ಕಿಂತಲೂ ರಮ್ಯವೆಂದು ನಾರದನು ಹೇಳಿದನೆಂಬ ಮಾತು ವಿಷ್ಣುಪುರಾಣದಲ್ಲಿದೆ. ಆದ್ದರಿಂದ ಹನುಮಂತನು ಹೋಗುವುದು ಸತ್ತವರ ನಾಡಿಗಲ್ಲ, ಕಾವಲುಳ್ಳ ಒಂದು ಶತ್ರುರಾಜ್ಯಕ್ಕೆ.

ಕಥಾಸಾರ

ಯುದ್ಧದಲ್ಲಿ ಸೋಲು ಸಮೀಪಿಸಿದಾಗ ರಾವಣನು ಮೈರಾವಣನ ನೆರವನ್ನು ಬೇಡುತ್ತಾನೆ. ವಿಭೀಷಣನ ಎಚ್ಚರಿಕೆಯಂತೆ ಹನುಮಂತನು ತನ್ನ ಬಾಲವನ್ನು ಬೆಳೆಸಿ, ಸುರುಳಿ ಸುತ್ತಿ, ರಾಮಲಕ್ಷ್ಮಣರ ಸುತ್ತ ಕೋಟೆಯನ್ನು ಕಟ್ಟುತ್ತಾನೆ. ಮೈರಾವಣನು ಆ ಕೋಟೆಯನ್ನು ಒಡೆಯುವುದಿಲ್ಲ; ವಿಭೀಷಣನ ವೇಷದಲ್ಲಿ ಬಂದು ದಾರಿ ಕೇಳುತ್ತಾನೆ, ಹನುಮಂತನೇ ದಾರಿ ಬಿಡುತ್ತಾನೆ. ಸ್ವಲ್ಪ ಹೊತ್ತಿನಲ್ಲಿ ನಿಜವಾದ ವಿಭೀಷಣನು ಬಂದಾಗ ಮೋಸ ಬಯಲಾಗುತ್ತದೆ. ಹನುಮಂತನ ಪಾತಾಳಯಾನವು ಹೀಗೆ ತನ್ನಿಂದಾದ ತಪ್ಪನ್ನು ತಿದ್ದುವ ಪ್ರಯಾಣವೂ ಹೌದು.

ಪಾತಾಳದ ಬಾಗಿಲಲ್ಲಿ ಅವನನ್ನು ತಡೆಯುವ ಕಾವಲುಗಾರನು ಅರ್ಧ ವಾನರ, ಅರ್ಧ ಮತ್ಸ್ಯ. ಮತ್ಸ್ಯವಲ್ಲಭ, ಮಕರಧ್ವಜ ಮುಂತಾದ ಹೆಸರುಗಳು ಇವನಿಗಿವೆ. ತಾನು ಹನುಮಂತನ ಮಗನೆಂದು ಅವನು ಹೇಳಿಕೊಂಡಾಗ ಬ್ರಹ್ಮಚಾರಿಯಾದ ಹನುಮಂತನು ಸಿಟ್ಟಾಗುತ್ತಾನೆ. ಸಮುದ್ರಲಂಘನದ ವೇಳೆ ನೀರಿಗೆ ಬಿದ್ದ ಬೆವರ ಹನಿಯನ್ನು ಮೀನೊಂದು ನುಂಗಿ ತಾನು ಹುಟ್ಟಿದೆನೆಂದು ಕಾವಲುಗಾರನು ವಿವರಿಸುತ್ತಾನೆ. ತಂದೆಯೆಂದು ತಿಳಿದ ಮೇಲೂ ಅವನು ಉಪ್ಪಿನ ಋಣಕ್ಕೆ ಕಟ್ಟುಬಿದ್ದು ಬಾಗಿಲು ತೆರೆಯಲೊಪ್ಪುವುದಿಲ್ಲ. ಕಥೆಯ ಅತ್ಯಂತ ಬಿಗಿಯಾದ ಸನ್ನಿವೇಶವಿದು. ಮೈರಾವಣನ ವಧೆಗಿಂತ ಇಲ್ಲಿಯೇ ನಾಟಕೀಯತೆ ಹೆಚ್ಚು.

ಒಳಹೋಗಲು ಹನುಮಂತನಿಗೆ ನೆರವಾಗುವವಳು ಮೈರಾವಣನ ತಂಗಿ ದುರ್ದಂಡಿ. ಅವಳ ಮಗ ನೀಲಮೇಘನನ್ನೂ ರಾಮಲಕ್ಷ್ಮಣರೊಂದಿಗೆ ಕಾಳಿಗೆ ಬಲಿಕೊಡುವುದೆಂದು ನಿಶ್ಚಯವಾಗಿರುತ್ತದೆ. ಬಲಿಯವರ ಸ್ನಾನಕ್ಕೆಂದು ಅವಳು ನೀರು ಹೊತ್ತು ತರುವಾಗ ಹನುಮಂತನು ಸೂಕ್ಷ್ಮರೂಪ ತಾಳಿ ಅವಳ ಕೊಡದಲ್ಲಿ ಅಡಗಿ ಕೋಟೆಯನ್ನು ಹೊಗುತ್ತಾನೆ. ವೇಷದಿಂದ ಕದ್ದುದನ್ನು ವೇಷದಿಂದಲೇ ಮರಳಿ ಪಡೆಯಬೇಕಾಗುತ್ತದೆ.

ಯುದ್ಧದಲ್ಲಿ ಮೈರಾವಣನು ಎಷ್ಟು ಹೊಡೆದರೂ ಸಾಯುವುದಿಲ್ಲ. ದಕ್ಷಿಣದ ಪಾಠಗಳಲ್ಲಿ ಅವನ ಪ್ರಾಣವು ಐದು ದುಂಬಿಗಳಲ್ಲಿದ್ದು, ಹನುಮಂತನು ಅವುಗಳನ್ನು ಹಿಡಿದು ಹೊಸಕುತ್ತಾನೆ. ಮತ್ತೊಂದು ಪಾಠದಲ್ಲಿ ಐದು ದಿಕ್ಕಿಗೆ ಇಟ್ಟ ಐದು ದೀಪಗಳನ್ನು ಒಮ್ಮೆಗೇ ಆರಿಸಬೇಕಾಗಿದ್ದರಿಂದ ಅವನು ಪಂಚಮುಖಿಯಾಗುತ್ತಾನೆ. ಹನುಮಂತ, ನರಸಿಂಹ, ಗರುಡ, ವರಾಹ, ಹಯಗ್ರೀವ ಎಂಬ ಐದು ಮುಖಗಳಿಗೆ ಜನಪ್ರಿಯ ವಿವರಣೆ ಈ ಪಾಠದಿಂದಲೇ ಬಂದಿದೆ. ಕೊನೆಯಲ್ಲಿ ಪಾತಾಳದ ಪಟ್ಟವು ನೀಲಮೇಘನಿಗೆ, ಕೆಲವು ಪಾಠಗಳಲ್ಲಿ ಮಕರಧ್ವಜನಿಗೆ ಸಲ್ಲುತ್ತದೆ.

ತುಮಕೂರು ಸೀಮೆಯಲ್ಲಿ

ತುಮಕೂರು ಜಿಲ್ಲೆಯು ಮೂಡಲಪಾಯ ಯಕ್ಷಗಾನದ ಪ್ರದೇಶ. ಜಿಲ್ಲೆಯ ಪಾವಗಡ ತಾಲ್ಲೂಕನ್ನು ಬಳಸಿಕೊಂಡಿರುವ ಆಂಧ್ರದ ಅನಂತಪುರ ಸೀಮೆಯಲ್ಲಿ ತೊಗಲುಗೊಂಬೆಯ ಕಲಾವಿದರ ಊರಾದ ನಿಮ್ಮಲಕುಂಟವಿದೆ. ತೆಲುಗಿನ ಗೊಂಬೆಯಾಟದಲ್ಲಿಯೂ ಮೈರಾವಣನ ಕಥೆ ಪ್ರಚಲಿತವಾಗಿದೆ. ಒಂದೇ ಪಾತ್ರಕ್ಕೆ ಚಿಕ್ಕ, ದೊಡ್ಡ ಗೊಂಬೆಗಳನ್ನು ಬಳಸುವ ಈ ಕಲೆಗೆ, ಕೊಡದಲ್ಲಿ ಅಡಗಿ ಮರುಗಳಿಗೆಯಲ್ಲಿ ಬೆಳೆದು ನಿಲ್ಲುವ ಹನುಮಂತನು ಹೇಳಿ ಮಾಡಿಸಿದ ಪಾತ್ರ. ಕುಣಿಗಲ್ ತಾಲ್ಲೂಕಿನ ಬಿದನಗೆರೆಯಲ್ಲಿ 161 ಅಡಿ ಎತ್ತರದ ಪಂಚಮುಖಿ ಆಂಜನೇಯನ ಪ್ರತಿಮೆಯು 2022ರಲ್ಲಿ ಲೋಕಾರ್ಪಣೆಗೊಂಡಿತು.

ಹೋಲಿಕೆಗಳು

ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಬಭ್ರುವಾಹನನು ತನ್ನ ಕೈಯಿಂದಲೇ ಹತನಾದ ತಂದೆ ಅರ್ಜುನನನ್ನು ಬದುಕಿಸುವ ಮಣಿಗಾಗಿ ನಾಗರೊಡನೆ ಪಾತಾಳದಲ್ಲಿ ಹೋರಾಡುತ್ತಾನೆ. ಅಲ್ಲಿಯೂ ತಪ್ಪು ಇಳಿದುಹೋಗುವವನದೇ. ಥಾಯ್ಲೆಂಡಿನ ರಾಮಕಿಯೆನ್‌ನಲ್ಲಿ ಮೈಯರಾಬ್ ಎಂಬ ರಾಕ್ಷಸನೂ ಮಚ್ಚಾನು ಎಂಬ ಮತ್ಸ್ಯಪುತ್ರನೂ ಇದ್ದಾರೆ. ಅಲ್ಲಿ ಪಾತಾಳದ ದಾರಿ ತಾವರೆಯ ದಂಟಿನೊಳಗಿದೆ. ದೇಹದ ಹೊರಗೆ ಪ್ರಾಣವನ್ನು ಬಚ್ಚಿಡುವ ಆಶಯವು ಏಳು ಸಮುದ್ರದಾಚೆಯ ಗಿಳಿಯ ಜನಪದ ಕಥೆಯಲ್ಲಿಯೂ, ರಷ್ಯದ ಕೊಶ್ಚೆಯ್ ಕಥೆಯಲ್ಲಿಯೂ ಕಾಣುತ್ತದೆ. 1974ರಲ್ಲಿ ಪ್ರಕಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಪರಂಪರೆಯಲ್ಲಿ ಲಿಚ್ ಎಂಬ ಮಾಂತ್ರಿಕನೂ ಪ್ರಾಣವನ್ನು ಹೀಗೆಯೇ ಅಡಗಿಸಿಡುತ್ತಾನೆ. ಆದರೆ ನೆಲಮಾಳಿಗೆಗೆ ಇಳಿಯುವ ಆ ಆಟಗಾರರು ಸಾಮಾನ್ಯವಾಗಿ ನಿಧಿಯನ್ನು ಅರಸುತ್ತಾರೆ. ಹನುಮಂತನು ಪಾತಾಳದಿಂದ ತರುವುದು ರಾಮಲಕ್ಷ್ಮಣರನ್ನು ಮಾತ್ರ.