ಬಣವೆಯ ಲೆಕ್ಕ, ಬ್ಯಾಟರಿಯ ಲೆಕ್ಕ

ಮನೆಗೆ ಎಂಥ ಗಾಡಿ ತರಬೇಕು ಎಂಬ ಪ್ರಶ್ನೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಭಾಗಕ್ಕೆ ಹೊಸದಲ್ಲ. ಹಿಂದೆ ಅದು ಎತ್ತಿನ ಪ್ರಶ್ನೆಯಾಗಿತ್ತು. ಸಂತೆಯಲ್ಲಿ ಹಲ್ಲು, ಸುಳಿ, ಕೊಂಬು ನೋಡುವುದು ನಂತರದ ಮಾತು. ಬಣವೆಯಲ್ಲಿ ಕಣಿಕೆ ಎಷ್ಟಿದೆ, ಕಾರಹುಣ್ಣಿಮೆಯವರೆಗೆ ಸಾಲುತ್ತದೆಯೇ, ಇರುವ ಕೆಲಸಕ್ಕೆ ಒಂದು ಜೋಡಿ ಸಾಕೇ ಎಂಬ ಚರ್ಚೆ ಮೊದಲು ಮನೆಯಲ್ಲೇ ಮುಗಿಯಬೇಕಿತ್ತು. ಈಗ ದೊಡ್ಡ ವಿದ್ಯುತ್ ಕಾರು ಕೊಳ್ಳುವ ಮಾತು ಬಂದಾಗಲೂ ಹಿರಿಯರು ಕೇಳುವ ಮೊದಲ ಪ್ರಶ್ನೆ ಅದೇ ಜಾತಿಯದು: ಇದಕ್ಕೆ ಮೇವು ಎಲ್ಲಿ?

ಈ ಭಾಗದಲ್ಲಿ ಸ್ವಂತ ಗಾಡಿ ಶೋಕಿಯ ವಸ್ತುವಾಗುವ ಮೊದಲೇ ಅನಿವಾರ್ಯವಾಗಿತ್ತು. ಇದಕ್ಕೆ ಚರಿತ್ರೆಯಲ್ಲೇ ಕಾರಣವಿದೆ. ಕೃಷ್ಣೆ-ತುಂಗಭದ್ರೆಯರ ನಡುವಿನ ಈ ದೋಆಬ್ ಪ್ರದೇಶದ ಅಂಚಿಗೆ, ಅಂದರೆ ರಾಯಚೂರಿಗೆ, ರೈಲು ಬಂದದ್ದು 1871ರಲ್ಲಿ. ಮುಂಬಯಿ ಕಡೆಯ ಹಳಿ ಮತ್ತು ಮದ್ರಾಸ್ ಕಡೆಯ ಹಳಿ ಕೂಡಿದ್ದು ಅಲ್ಲಿಯೇ. ಲಿಂಗಸುಗೂರಿನಲ್ಲಿ ಆಗ ಹೈದರಾಬಾದ್ ಕಂಟಿಂಜೆಂಟ್ ಸೈನ್ಯದ ಛಾವಣಿ ಇತ್ತು. ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಅದು ನಿಜಾಮರ ರಾಜ್ಯದ ಒಂದು ಜಿಲ್ಲಾ ಕೇಂದ್ರ. ಆದರೂ ಹಳಿ ಒಳನಾಡಿಗೆ ಬರಲಿಲ್ಲ. ಸಿಂಧನೂರಿನ ಜನ ತಮ್ಮೂರಿನಲ್ಲೇ ರೈಲು ಹತ್ತಿದ್ದು 2024ರಲ್ಲಿ. ಒಂದೂವರೆ ಶತಮಾನ ಮೀರಿದ ಈ ಕಾಯುವಿಕೆಯಲ್ಲಿ ಇಲ್ಲಿನ ಕುಟುಂಬಗಳು ಬಂಡಿ, ಬಸ್ಸು, ಜೀಪುಗಳನ್ನೇ ನೆಚ್ಚಿಕೊಂಡವು.

ನಿಜಾಮರ ಸರ್ಕಾರ 1932ರಲ್ಲಿ ರೈಲ್ವೆ ಇಲಾಖೆಯ ಅಂಗವಾಗಿಯೇ ಬಸ್ ಸಂಚಾರ ಆರಂಭಿಸಿತು. ಇಡೀ ರಾಜ್ಯಕ್ಕೆ ಆಗ ಇದ್ದದ್ದು 27 ಬಸ್ಸು. ಅಷ್ಟರಲ್ಲಿ ಹಳ್ಳಿಗಳ ಪಾಲಿಗೆ ಎಷ್ಟು ಬಂದೀತು? ಮಳೆಗಾಲದಲ್ಲಿ ಎರೆ ಭೂಮಿಯ ದಾರಿ ಅರಲಾಗಿ ಗಾಲಿಯ ಗುಂಬದವರೆಗೂ ಹುಗಿದರೂ ಬಂಡಿಯೇ ಗತಿ. ಹೆರಿಗೆ ನೋವಿನ ಹೆಣ್ಣುಮಗಳಿರಲಿ, ಹತ್ತಿಯ ಅಂಡಿಗೆ ಇರಲಿ, ಅದೇ ಬಂಡಿಯಲ್ಲಿ ಹೋಗಬೇಕಿತ್ತು.

ಚಿತ್ರ ಬದಲಾದದ್ದು ತುಂಗಭದ್ರಾ ಅಣೆಕಟ್ಟಿನಿಂದ. 1953ರ ನಂತರ ಎಡದಂಡೆ ಕಾಲುವೆಯ ನೀರು ಹರಿದು, ಜೋಳ ಬೆಳೆಯುತ್ತಿದ್ದ ಸಿಂಧನೂರು ಭತ್ತದ ಸೀಮೆಯಾಯಿತು. ಆಂಧ್ರದ ಕರಾವಳಿಯಿಂದ ಬಂದ ರೈತರ ಕ್ಯಾಂಪುಗಳು ಎದ್ದವು. ಅಕ್ಕಿ ಗಿರಣಿಗಳೂ ಅವುಗಳ ಹಿಂದೆ ಟ್ರ್ಯಾಕ್ಟರ್ ಅಂಗಡಿಗಳೂ ಬಂದವು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯ ಸಂಬಳ ಇತ್ತು. ಅನುಕೂಲಸ್ಥರ ಅಂಗಳಕ್ಕೆ ಜೀಪು, ಆಮೇಲೆ ಅಂಬಾಸಿಡರ್ ಬಂದದ್ದು ಹೀಗೆ. 2014ರಲ್ಲಿ ತಯಾರಿಕೆ ನಿಲ್ಲುವವರೆಗೂ ಅಂಬಾಸಿಡರ್‌ಗೆ ಇದ್ದ ಮರ್ಯಾದೆಗೆ ಅದರ ಅಂದ ಕಾರಣವಲ್ಲ. ಎಂಟು ಜನ ಒತ್ತಿಕೊಂಡು ಕೂರಬಹುದಿತ್ತು, ಡಿಕ್ಕಿಯಲ್ಲಿ ಅಕ್ಕಿ ಚೀಲ ಹಿಡಿಸುತ್ತಿತ್ತು, ಕೆಟ್ಟರೆ ಊರಿನ ಮೇಸ್ತ್ರಿಯೇ ಬಿಚ್ಚಿ ಜೋಡಿಸುತ್ತಿದ್ದ. ಮೂರನೆಯ ಗುಣ ಮೊದಲೆರಡಕ್ಕಿಂತ ದೊಡ್ಡದು.

ವಿದ್ಯುತ್ ಕಾರು ಪೆಟ್ರೋಲ್ ಕಾರಿನ ಮೊಮ್ಮಗನಲ್ಲ, ಓರಗೆಯದು. ಗಂಟೆಗೆ ನೂರು ಕಿ.ಮೀ. ವೇಗವನ್ನು ಮೊದಲು ದಾಟಿದ್ದು 1899ರಲ್ಲಿ, ಬೆಲ್ಜಿಯಂನ ಕಮೀಯ್ ಜೆನಾತ್ಸಿ ಓಡಿಸಿದ ವಿದ್ಯುತ್ ಗಾಡಿ. ಆದರೆ 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಸ್ವಯಂಚಾಲಕ ಸ್ಟಾರ್ಟರ್ ಬಂದು, ಕೈಯಿಂದ ಹ್ಯಾಂಡಲ್ ತಿರುಗಿಸುವ ಕಷ್ಟ ತಪ್ಪಿತು. ಪೆಟ್ರೋಲ್ ಅಗ್ಗವಾಗಿತ್ತು. ಬ್ಯಾಟರಿ ದೂರ ಒಯ್ಯುತ್ತಿರಲಿಲ್ಲ. ವಿದ್ಯುತ್ ಕಾರು ಮೂಲೆ ಸೇರಿತು.

ಕರ್ನಾಟಕದಲ್ಲಿ ಅದು ಮತ್ತೆ ತಲೆ ಎತ್ತಿದ್ದು 2001ರಲ್ಲಿ, ಬೆಂಗಳೂರಿನ ಚೇತನ್ ಮೈನಿ ಅವರ ಪುಟ್ಟ ರೇವಾ ಮೂಲಕ. ಅದರ ಓಟ ಒಮ್ಮೆ ಚಾರ್ಜ್ ಮಾಡಿದರೆ 80 ಕಿ.ಮೀ. ಸಿಂಧನೂರಿನಿಂದ ರಾಯಚೂರಿಗೆ ಸುಮಾರು 90 ಕಿ.ಮೀ. ಇದೆ, ಲಿಂಗಸುಗೂರಿನಿಂದಲೂ ಹೆಚ್ಚು ಕಡಿಮೆ ಅಷ್ಟೇ. ಅಂದರೆ ರೇವಾ ಜಿಲ್ಲಾ ಆಸ್ಪತ್ರೆಯನ್ನೂ ಮುಟ್ಟುತ್ತಿರಲಿಲ್ಲ! 2016ರಲ್ಲಿ ಮಹೀಂದ್ರಾದ ಇ-ವೆರಿಟೊ ಬಂತು. ಅದು ನಾಲ್ಕು ಬಾಗಿಲಿನ, ಹಿಂದೆ ಡಿಕ್ಕಿ ಇರುವ ಸೆಡಾನ್. ಕಂಪನಿ ಹೇಳಿದ ಓಟ 110 ಕಿ.ಮೀ. ಇದರಲ್ಲಿ ರಾಯಚೂರಿಗೆ ಹೋಗಬಹುದಿತ್ತು, ಅದೇ ಚಾರ್ಜಿನಲ್ಲಿ ಮರಳಲು ಆಗುತ್ತಿರಲಿಲ್ಲ.

2024ರ ಮಾರ್ಚ್‌ನಲ್ಲಿ ಚೀನಾದ ಬಿವೈಡಿ ಕಂಪನಿಯ ‘ಸೀಲ್’ ಸೆಡಾನ್ ಭಾರತಕ್ಕೆ ಬಂದಾಗ ಈ ಲೆಕ್ಕ ತಲೆಕೆಳಗಾಯಿತು. ಅದರ ಕಡಿಮೆ ಬೆಲೆಯ ಮಾದರಿಯಲ್ಲೇ 61 ಯೂನಿಟ್ ವಿದ್ಯುತ್ ಹಿಡಿಯುವ ಬ್ಯಾಟರಿ ಇದ್ದು, ಕಂಪನಿ ಹೇಳುವ ಓಟ 510 ಕಿ.ಮೀ. ರಾಯಚೂರಿನ ಬೇಸಿಗೆಯ ನಲವತ್ತು ಡಿಗ್ರಿ ದಾಟುವ ಬಿಸಿಲಲ್ಲಿ, ಎ.ಸಿ. ಹಾಕಿಕೊಂಡು ಹೋಗುವವರು ಅದನ್ನು ನಾನೂರಕ್ಕೇ ಹಿಡಿಯುವುದು ಮೇಲು. ಹಾಗೆ ಹಿಡಿದರೂ ರಾಯಚೂರಿಗೆ ಎರಡು ಸಲ ಹೋಗಿ ಬರಬಹುದು. ಸಿಂಧನೂರು-ಮಸ್ಕಿ-ಲಿಂಗಸುಗೂರು ನಡುವಿನ ಸುಮಾರು 55 ಕಿ.ಮೀ. ಅದಕ್ಕೆ ಲೆಕ್ಕಕ್ಕೇ ಇಲ್ಲ.

ಹಾಗಾದರೆ ಮೇವಿನ ಮಾತು? ಮನೆಯ 15 ಆಂಪಿಯರ್ ಸಾಕೆಟ್‌ನಿಂದ ಗಂಟೆಗೆ ಸಿಗುವುದು ಮೂರು ಯೂನಿಟ್ ಆಸುಪಾಸು. ಖಾಲಿ ಬ್ಯಾಟರಿ ತುಂಬಲು ಇಪ್ಪತ್ತು ಗಂಟೆ ಬೇಕು. ಏಳು ಕಿಲೋವ್ಯಾಟ್‌ನ ಚಾರ್ಜರ್ ಕೂಡಿಸಿದರೆ ಒಂದು ರಾತ್ರಿ ಸಾಕು. ಆದರೆ ಮನೆಯ ಮೀಟರಿಗೆ ಮಂಜೂರಾದ ಲೋಡ್ ಅಷ್ಟಿಲ್ಲದಿದ್ದರೆ ಮೊದಲು ಜೆಸ್ಕಾಂಗೆ ಅರ್ಜಿ ಹಾಕಬೇಕು. ಹೊಲದ ಪಂಪ್‌ಸೆಟ್ಟಿನ ತಂತಿಯಿಂದ ಕಾರಿಗೆ ಕರೆಂಟ್ ಎಳೆಯುವ ಯೋಚನೆ ಕೆಲವರಿಗೆ ಬಂದೀತು. ಅದು ನಿಯಮಕ್ಕೆ ವಿರುದ್ಧ. ರಾತ್ರಿ ಕರೆಂಟ್ ಹೋಗುವ ಊರಿನಲ್ಲಿ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸದಿರುವ ಅಭ್ಯಾಸವೂ ಬೇಕು, ಬಣವೆಯನ್ನು ಪೂರ್ತಿ ಕರಗಿಸದಿದ್ದ ಹಾಗೆ. ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಸುಟ್ಟು ನಾಡಿಗೆಲ್ಲ ವಿದ್ಯುತ್ ಕೊಡುತ್ತಿರುವ ಜಿಲ್ಲೆಯಲ್ಲೇ ಈ ಎಚ್ಚರಿಕೆ ಹೇಳಬೇಕಾಗಿರುವುದು ವಿಪರ್ಯಾಸ.

ಇನ್ನು ದಾರಿ. ಸೀಲ್‌ನ ಉದ್ದ 4.8 ಮೀಟರ್, ಅಂಬಾಸಿಡರ್‌ಗಿಂತ ಸುಮಾರು ಅರ್ಧ ಮೀಟರ್ ಹೆಚ್ಚು. ನೆಲದಿಂದ ಹೊಟ್ಟೆಗೆ ಇರುವ ಎತ್ತರ ಮಾತ್ರ 145 ಮಿಲಿಮೀಟರ್, ಬ್ಯಾಟರಿ ಇರುವುದೂ ಆ ಹೊಟ್ಟೆಯಲ್ಲೇ. ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಪೋಣಿಸುವ 150ಎ ರಾಷ್ಟ್ರೀಯ ಹೆದ್ದಾರಿಗೆ ಅದು ಹೇಳಿ ಮಾಡಿಸಿದ ಗಾಡಿ. ಭತ್ತದ ಕಟಾವಿನ ವೇಳೆ ಟ್ರ್ಯಾಕ್ಟರ್ ಕೊರೆದ ಕಾಲುವೆ ದಂಡೆಯ ದಾರಿಗೆ ಅಲ್ಲ.

ಬೆಲೆಯನ್ನೂ ಮರೆಯುವಂತಿಲ್ಲ. ಬಿಡುಗಡೆಯಾದಾಗ ಅದು 41 ಲಕ್ಷ ರೂಪಾಯಿಯಿಂದ ಆರಂಭವಾಗುತ್ತಿತ್ತು. ಅಷ್ಟರಲ್ಲಿ ಮೂರ್ನಾಲ್ಕು ಟ್ರ್ಯಾಕ್ಟರ್ ಬರುತ್ತವೆ. ವಿದ್ಯುತ್ ವಾಹನಗಳಿಗೆ ತೆರಿಗೆ ವಿನಾಯಿತಿ ನೀಡಿದ್ದ ರಾಜ್ಯ ಸರ್ಕಾರ 2024ರಲ್ಲಿ 25 ಲಕ್ಷ ಮೀರಿದ ವಿದ್ಯುತ್ ಕಾರುಗಳಿಗೆ ಶೇ 10ರ ಆಜೀವ ತೆರಿಗೆ ಹಾಕಿತು. ಈ ಕಾರಿಗೆ ಅದು ನಾಲ್ಕು ಲಕ್ಷದ ಸುಮಾರಿಗೆ ಬರುತ್ತದೆ. ಕೆಟ್ಟರೆ ಊರಿನ ಮೇಸ್ತ್ರಿ ಕೈ ಹಾಕುವಂತಿಲ್ಲ, ಟ್ರಕ್ಕಿನ ಮೇಲೆ ಹೇರಿ ದೂರದ ನಗರಕ್ಕೆ ಒಯ್ಯಬೇಕು.

ಆದ್ದರಿಂದ ಅಕ್ಕಿ ಗಿರಣಿ ಮಾಲೀಕರಂತೆ ವಾರಕ್ಕೆ ಮೂರ್ನಾಲ್ಕು ಬಾರಿ ರಾಯಚೂರು, ಬಳ್ಳಾರಿ ಎಂದು ಹೆದ್ದಾರಿಯಲ್ಲೇ ಓಡಾಡುವ, ಅಂಗಳದಲ್ಲಿ ನೆರಳೂ ಚಾರ್ಜರ್ರೂ ಇರುವ, ಹೊಲಕ್ಕೆ ಬೇರೆ ಗಾಡಿ ಇರುವ ಮನೆಗೆ ಈ ಕಾರು ಒಪ್ಪುತ್ತದೆ. ಒಂದೇ ಗಾಡಿಯಲ್ಲಿ ಹೊಲ, ಆಸ್ಪತ್ರೆ, ಅಂಬಾದೇವಿ ಜಾತ್ರೆ ಎಲ್ಲವೂ ಆಗಬೇಕೆನ್ನುವ ಮನೆಗೆ ಒಪ್ಪುವುದಿಲ್ಲ. ಬೆಂಗಳೂರಿಗೆ ಹೋಗಿ ಬರಲು ಬೇಕು ಎಂಬ ಕಾರಣವೂ ಸ್ವಲ್ಪ ಸಡಿಲವಾಗಿದೆ. ನಾನೂರು ಕಿ.ಮೀ. ಸಮೀಪದ ಆ ದಾರಿಯಲ್ಲಿ ಕಾರು ನಡುವೆ ಒಮ್ಮೆ ಚಾರ್ಜಿಗೆ ನಿಲ್ಲಲೇಬೇಕು. ಮೊದಲು ಕಾರಟಗಿಗೇ ನಿಲ್ಲುತ್ತಿದ್ದ ಯಶವಂತಪುರದ ರೈಲು ಈಗ ಸಿಂಧನೂರಿಗೇ ಬರುತ್ತದೆ.